ಸನ್ನತಿಯ ಮಹಾಚೈತ್ಯ: ಇತಿಹಾಸ ಮತ್ತು ಅವಶೇಷಗಳು

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ಎಡದಂಡೆಯ ಮೇಲೆ ಸನ್ನತಿ ಎಂಬ ಗ್ರಾಮವಿದೆ. ನಾಡಿನ ಬಹುಜನರಿಗೆ ಈ ಊರು ಶ್ರೀ ಚಂದ್ರಲಾಂಬಾ ದೇವಿಯ ಕ್ಷೇತ್ರವೆಂದೇ ಪರಿಚಿತ. ಕರ್ನಾಟಕ, ಮಹಾರಾಷ್ಟ್ರಗಳ ಅನೇಕ ಮನೆತನಗಳಿಗೆ ಈಕೆ ಕುಲದೇವತೆ. ದೇವಿಯ ದರ್ಶನ ಮುಗಿಸಿ ಹಿಂದಿರುಗುವ ಭಕ್ತರಲ್ಲಿ ಬಹುಮಂದಿ, ಅಲ್ಲಿಂದ ಸುಮಾರು ಮೂರು ಕಿಲೋಮೀಟರು ದೂರದಲ್ಲಿರುವ ಕನಗನಹಳ್ಳಿಯ ನೆಲದಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ಒಂದು ಮಹಾಚೈತ್ಯದ ಅವಶೇಷಗಳಿವೆ ಎಂಬುದನ್ನು ಅರಿಯರು. ದೇವಿಯ ಕ್ಷೇತ್ರಕ್ಕೂ ಬೌದ್ಧರ ಚೈತ್ಯಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಸನ್ನತಿಯ ಕಲ್ಲುಗಳೇ ಉತ್ತರ ಹೇಳುತ್ತವೆ. ಆ ಉತ್ತರವು ಕೇವಲ ಪ್ರಾಚೀನ ವಸ್ತುಗಳ ವಿವರವಲ್ಲ; ಒಂದು ಮತದವರು ಪೂಜಿಸಿದ ಕಲ್ಲನ್ನು ಇನ್ನೊಂದು ಮತದವರು ಹೇಗೆ ಬಳಸಿದರು, ಹೇಗೆ ಕಾಯ್ದರು, ಅದರಿಂದ ಏನು ಉಳಿಯಿತು, ಏನು ಅಳಿಯಿತು ಎಂಬುದರ ವೃತ್ತಾಂತವೂ ಆಗಿದೆ.

ಮೊದಲ ಶೋಧ

ಸನ್ನತಿಯ ಸುತ್ತಮುತ್ತಲಿನ ಹೊಲಗಳಲ್ಲಿಯೂ ಗುಡಿಗಳ ಬಳಿಯಲ್ಲಿಯೂ ಕೆತ್ತನೆಯ ಚಪ್ಪಡಿಗಳು, ಮುರಿದ ಕಂಬಗಳು, ಅಪರಿಚಿತ ಲಿಪಿಯ ಬರಹವುಳ್ಳ ಕಲ್ಲುಗಳು ಬಹುಕಾಲದಿಂದ ಬಿದ್ದಿದ್ದವು. ೧೯೫೪ರಲ್ಲಿ ಕಪಟರಾಳ ಕೃಷ್ಣರಾಯರು ಇವುಗಳತ್ತ ವಿದ್ವಾಂಸರ ಗಮನವನ್ನು ಸೆಳೆದರು. ಇವು ಶಾತವಾಹನರ ಕಾಲದ ಬೌದ್ಧ ಅವಶೇಷಗಳೆಂಬುದು ಆಗಲೇ ಸ್ಪಷ್ಟವಾಯಿತು. ಅನಂತರ ಹಲವರು ಇಲ್ಲಿಗೆ ಬಂದು ಶಾಸನಗಳನ್ನು ಓದಿದರು, ಶಿಲ್ಪಗಳನ್ನು ಪರಿಶೀಲಿಸಿದರು. ಸತ್ತವರ ನೆನಪಿಗಾಗಿ ನಿಲ್ಲಿಸಿದ ಸ್ಮಾರಕಶಿಲೆಗಳು ಇಲ್ಲಿ ದೊರೆತಿರುವುದೂ ಗಮನಾರ್ಹ. ಅವುಗಳ ಮೇಲೆ ರಥ, ಬಂಡಿ, ಎತ್ತು, ಗೃಹಸ್ಥ ದಂಪತಿಗಳ ಚಿತ್ರಗಳಿವೆ. ಊರಿನ ಬಳಿಯ ರಣಮಂಡಲವೆಂಬ ಕೋಟೆಯ ಪ್ರದೇಶವು ಇಲ್ಲಿ ಹಿಂದೆ ದೊಡ್ಡದೊಂದು ಪಟ್ಟಣವಿದ್ದಿತೆಂಬುದಕ್ಕೆ ಸಾಕ್ಷಿಯಾಗಿದೆ. ಆದರೆ ಸನ್ನತಿಯ ಹೆಸರನ್ನು ದೇಶದಾದ್ಯಂತ ಪ್ರಸಿದ್ಧಿಗೊಳಿಸಿದ ಘಟನೆ ನಡೆದುದು ಉತ್ಖನನದಿಂದಲ್ಲ, ಒಂದು ಗುಡಿಯ ಮಾಳಿಗೆ ಕುಸಿದುದರಿಂದ.

ಪೀಠವಾಗಿದ್ದ ಶಾಸನ

೧೯೮೬ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದೊಳಗಿನ ಕಾಳಿಕಾದೇವಿಯ ಗುಡಿಯ ಚಾವಣಿ ಕುಸಿದುಬಿದ್ದಿತು. ಮೂರ್ತಿಗೆ ಧಕ್ಕೆಯಾಯಿತು. ಬಿದ್ದುದನ್ನು ತೆರವುಗೊಳಿಸುವಾಗ ದೇವಿಯ ಮೂರ್ತಿಗೆ ಪೀಠವಾಗಿ ಬಳಸಿದ್ದ ಚಪ್ಪಡಿಯ ಮೇಲೆ ಪ್ರಾಚೀನ ಅಕ್ಷರಗಳು ಕಂಡುಬಂದವು. ಅವು ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಅಕ್ಷರಗಳು. ಮೌರ್ಯ ಚಕ್ರವರ್ತಿ ಅಶೋಕನ ಧರ್ಮಶಾಸನಗಳು.

ಕರ್ನಾಟಕದಲ್ಲಿ ಅಶೋಕನ ಶಾಸನಗಳು ದೊರೆತುದು ಅದೇ ಮೊದಲಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದಿದ್ದರು. ೧೯೧೫ರಲ್ಲಿ ಮಸ್ಕಿಯ ಶಾಸನ ದೊರೆತು, 'ದೇವಾನಾಂಪ್ರಿಯ'ನೆಂದು ಶಾಸನಗಳಲ್ಲಿ ಕರೆಯಲ್ಪಟ್ಟ ರಾಜನೇ ಅಶೋಕನೆಂಬುದು ಅವನ ಹೆಸರಿನಿಂದಲೇ ಸ್ಥಿರಪಟ್ಟಿತ್ತು. ಆದರೆ ಇವೆಲ್ಲವೂ ಲಘು ಶಿಲಾಶಾಸನಗಳು. ಸನ್ನತಿಯಲ್ಲಿ ದೊರೆತುದು ಪ್ರಧಾನ ಶಿಲಾಶಾಸನಗಳ ವರ್ಗಕ್ಕೆ ಸೇರಿದ್ದು. ಅಲ್ಲದೆ ಅದನ್ನು ಕೊರೆದಿರುವುದು ಬೆಟ್ಟದ ಬಂಡೆಯ ಮೇಲಲ್ಲ; ನಯಗೊಳಿಸಿ ನಿಲ್ಲಿಸಿದ ಚಪ್ಪಡಿಯ ಎರಡೂ ಮುಖಗಳ ಮೇಲೆ.

ಚಪ್ಪಡಿಯ ಒಂದು ಮುಖದಲ್ಲಿ ೧೨ನೆಯ ಶಾಸನದ ಕೊನೆಯ ಭಾಗವೂ ೧೪ನೆಯ ಶಾಸನವೂ ಇವೆ. ಕಳಿಂಗ ಯುದ್ಧದ ಸಾವುನೋವುಗಳನ್ನೂ ಅದಕ್ಕಾಗಿ ಅರಸನು ಪಟ್ಟ ಪಶ್ಚಾತ್ತಾಪವನ್ನೂ ಹೇಳುವ ೧೩ನೆಯ ಶಾಸನ ಇವೆರಡರ ನಡುವೆ ಇಲ್ಲ. ಇನ್ನೊಂದು ಮುಖದಲ್ಲಿ ಪ್ರತ್ಯೇಕ ಶಾಸನಗಳೆಂದು ವಿದ್ವಾಂಸರು ಕರೆಯುವ ಎರಡು ಶಾಸನಗಳಿವೆ. ಈ ಪ್ರತ್ಯೇಕ ಶಾಸನಗಳು ಅದುವರೆಗೆ ತಿಳಿದಿದ್ದುದು ಒಡಿಶಾದ ಧೌಲಿ ಮತ್ತು ಜೌಗಡಗಳಿಂದ ಮಾತ್ರ. ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂದು ಭಾವಿಸಿ, ಅವರಿಗೆ ಅಕಾರಣವಾಗಿ ಸೆರೆ ಅಥವಾ ಶಿಕ್ಷೆ ಒದಗದಂತೆ ಎಚ್ಚರವಹಿಸಬೇಕೆಂದೂ, ಗಡಿಯಾಚೆಯ ಜನರು ತನ್ನನ್ನು ಕಂಡು ಅಂಜದಂತೆ ನಡೆದುಕೊಳ್ಳಬೇಕೆಂದೂ ಅರಸನು ಅಧಿಕಾರಿಗಳಿಗೆ ಆದೇಶಿಸುವುದು ಇವುಗಳ ಸಾರ. ಕಳಿಂಗದಲ್ಲಿ ಹಾಕಿಸಿದ ಇಂತಹ ಆದೇಶವು ಭೀಮಾತೀರದಲ್ಲಿಯೂ ದೊರೆತುದರಿಂದ, ಮೌರ್ಯ ಸಾಮ್ರಾಜ್ಯದ ದಕ್ಷಿಣ ಭಾಗದಲ್ಲಿ ಸನ್ನತಿಯು ಮುಖ್ಯವಾದ ಆಡಳಿತ ಸ್ಥಳವಾಗಿದ್ದಿತೆಂದು ಊಹಿಸಲು ಆಧಾರ ಸಿಕ್ಕಿತು.

ಎಲ್ಲಕ್ಕಿಂತ ಮನನೀಯವಾದುದು ೧೨ನೆಯ ಶಾಸನ. ಇದರ ಪೂರ್ಣ ಪಾಠ ಗಿರ್ನಾರ್ ಮೊದಲಾದ ಸ್ಥಳಗಳಿಂದ ತಿಳಿದಿದೆ. ಎಲ್ಲ ಮತಪಂಥಗಳವರನ್ನೂ, ಸಂನ್ಯಾಸಿಗಳನ್ನೂ ಗೃಹಸ್ಥರನ್ನೂ ಅರಸನು ಗೌರವಿಸುತ್ತಾನೆ. ಆದರೆ ದಾನಕ್ಕಿಂತಲೂ ಗೌರವಕ್ಕಿಂತಲೂ ಎಲ್ಲ ಮತಗಳ ಸಾರವೃದ್ಧಿಯೇ ಮೇಲೆಂದು ಅವನು ಎಣಿಸುತ್ತಾನೆ. ಅದಕ್ಕೆ ಮೂಲವಾದುದು ವಾಕ್‌ಸಂಯಮ. ತನ್ನ ಮತದ ಮೇಲಣ ಅಭಿಮಾನದಿಂದ ಅನ್ಯಮತವನ್ನು ಹಳಿಯುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆ. ಆದುದರಿಂದ ಸಾಮರಸ್ಯವೇ ಲೇಸು. ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕು. ಇದು ಶಾಸನದ ತಾತ್ಪರ್ಯ. ಇಂತಹ ಮಾತುಗಳನ್ನು ಹೊತ್ತ ಕಲ್ಲು ಶತಮಾನಗಳ ಕಾಲ ಒಬ್ಬ ದೇವಿಯ ಪಾದದಡಿಯಲ್ಲಿತ್ತು.

ಆ ಕಲ್ಲನ್ನು ಪೀಠವಾಗಿ ಮಾಡಿದ ಶಿಲ್ಪಿಯು ಮೂರ್ತಿಯನ್ನು ನಿಲ್ಲಿಸುವುದಕ್ಕಾಗಿ ಅದರ ನಡುವೆ ಆಯಾಕಾರದ ಕುಳಿಯನ್ನು ಕೊರೆದನು. ಆ ಜಾಗದಲ್ಲಿದ್ದ ಅಕ್ಷರಗಳು ಶಾಶ್ವತವಾಗಿ ನಷ್ಟವಾದವು. ಇದನ್ನು ಕಂಡು ಮರುಗುವುದು ಸಹಜ. ಆದರೆ ಆ ಶಿಲ್ಪಿಯನ್ನು ದೂಷಿಸುವುದು ನ್ಯಾಯವಲ್ಲ. ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ನಾಡಿನಲ್ಲಿ ಬಹು ಹಿಂದೆಯೇ ಇಲ್ಲವಾಗಿದ್ದರು. ಜೇಮ್ಸ್ ಪ್ರಿನ್ಸೆಪ್ ಅವರು ಅದರ ಗುಟ್ಟನ್ನು ಬಿಡಿಸಿದುದು ೧೮೩೭ರಲ್ಲಿ. ಶಿಲ್ಪಿಯ ಕಣ್ಣಿಗೆ ಅದು ಅಗಲವಾದ, ಗಟ್ಟಿಯಾದ, ದೇವರ ಕೆಲಸಕ್ಕೆ ಯೋಗ್ಯವಾದ ಕಲ್ಲಾಗಿ ಕಂಡಿತು. ದೇವಿಯ ಪೀಠವಾದುದರಿಂದಲೇ ಅದನ್ನು ಯಾರೂ ಒಡೆಯಲಿಲ್ಲ, ಹೊತ್ತೊಯ್ಯಲಿಲ್ಲ, ಮಳೆಬಿಸಿಲುಗಳಿಗೆ ಬಿಡಲಿಲ್ಲ. ಅಕ್ಷರವನ್ನು ಅಳಿಸಿದ ಕೈಯೇ ಉಳಿದ ಅಕ್ಷರಗಳನ್ನು ಕಾಯ್ದಿತು.

ಇನ್ನೊಂದು ಸ್ವಾರಸ್ಯವೂ ಇದೆ. ಅದೇ ಮುಖದಲ್ಲಿರುವ ೧೪ನೆಯ ಶಾಸನದಲ್ಲಿ ಅರಸನು ತನ್ನ ಬರಹಗಳ ವಿಷಯದಲ್ಲಿಯೇ ಮಾತನಾಡುತ್ತಾನೆ. ಅವು ಕೆಲವೆಡೆ ಸಂಕ್ಷಿಪ್ತವಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಇವೆಯೆಂದೂ, ಸ್ಥಳದ ಕಾರಣದಿಂದಲೋ ಲಿಪಿಕಾರನ ತಪ್ಪಿನಿಂದಲೋ ಏನಾದರೂ ಅಪೂರ್ಣವಾಗಿ ಉಳಿದಿರಬಹುದೆಂದೂ ಹೇಳುತ್ತಾನೆ. ಬರಹಕ್ಕೆ ಒದಗಬಹುದಾದ ಕೊರತೆಯನ್ನು ಮುಂಚಿತವಾಗಿಯೇ ಒಪ್ಪಿಕೊಂಡ ಈ ಶಾಸನವಿರುವ ಕಲ್ಲಿಗೇ ಕುಳಿ ಬಿದ್ದುದು ಇತಿಹಾಸದ ವಿಲಕ್ಷಣ ಸಂಗತಿಗಳಲ್ಲೊಂದು.

ಕನಗನಹಳ್ಳಿಯ ಸ್ತೂಪ

ಶಾಸನದ ಶೋಧವು ಸನ್ನತಿಯ ಪ್ರದೇಶದತ್ತ ಹೊಸ ಆಸಕ್ತಿಯನ್ನು ಮೂಡಿಸಿತು. ೧೯೯೪ರಿಂದ ಹಲವು ವರ್ಷಗಳ ಕಾಲ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಕನಗನಹಳ್ಳಿಯ ದಿಬ್ಬದಲ್ಲಿ ಉತ್ಖನನ ನಡೆಸಿತು. ಕೆ. ಪಿ. ಪೂಣಚ್ಚನವರು ಅದರ ವಿಸ್ತೃತ ವರದಿಯನ್ನು ಸಿದ್ಧಪಡಿಸಿದರು. ದಿಬ್ಬದ ಮಣ್ಣನ್ನು ತೆಗೆದಾಗ ಕಂಡುಬಂದುದು ಒಂದು ಮಹಾಸ್ತೂಪದ ತಳಭಾಗ ಮತ್ತು ಅದರ ಸುತ್ತಲೂ ಬಿದ್ದಿದ್ದ ಕೆತ್ತನೆಯ ಚಪ್ಪಡಿಗಳ ರಾಶಿ. ಶಾಸನಗಳು ಇದನ್ನು ಮಹಾಚೈತ್ಯವೆಂದು ಕರೆಯುತ್ತವೆ. 'ಅಧೋಲೋಕ ಮಹಾಚೈತ್ಯ'ವೆಂದು ಈ ಹೆಸರನ್ನು ಓದಲಾಗಿದ್ದು, ಮೊದಲ ಪದದ ಪಾಠ ಮತ್ತು ಅರ್ಥಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಿಂದ ಕ್ರಿ.ಶ. ೩ನೆಯ ಶತಮಾನದವರೆಗೆ ಇದು ಹಂತಹಂತವಾಗಿ ಬೆಳೆದು ಬಂದಿತು.

ಸ್ತೂಪವೆಂಬುದು ಒಳಗೆ ಪ್ರವೇಶಿಸಿ ಪೂಜಿಸುವ ಗುಡಿಯಲ್ಲ. ಸುತ್ತ ಪ್ರದಕ್ಷಿಣೆ ಬಂದು ವಂದಿಸುವ ಪೂಜಾಸ್ಥಾನ. ಬುದ್ಧನ ಅಥವಾ ಪೂಜ್ಯರಾದವರ ಧಾತುಗಳನ್ನಿರಿಸಿ ಅದರ ಮೇಲೆ ಕಟ್ಟುವ ಘನವಾದ ಗುಮ್ಮಟವೇ ಇದರ ಮುಖ್ಯ ಅಂಗ. ಕೆಳಗೆ ದುಂಡನೆಯ ಜಗತಿಯಂತಿರುವ ಭಾಗ 'ಮೇಧಿ'. ಅದರ ಮೇಲಣ ಗುಮ್ಮಟ 'ಅಂಡ'. ಅದರ ನೆತ್ತಿಯ ಮೇಲೆ ಚೌಕಾಕಾರದ 'ಹರ್ಮಿಕೆ', ಅದಕ್ಕೂ ಮೇಲೆ ಕಲ್ಲಿನ ಛತ್ರ. ನಾಲ್ಕು ದಿಕ್ಕುಗಳಲ್ಲಿ ಮುಂಚಾಚಿದ ಕಟ್ಟೆಗಳು 'ಆಯಕ'ಗಳೆನಿಸುತ್ತವೆ. ಸುತ್ತಲೂ ಪ್ರದಕ್ಷಿಣಾಪಥ, ಅದರ ಹೊರಗೆ 'ವೇದಿಕೆ'ಯೆಂಬ ಕಲ್ಲಿನ ಕಟಾಂಜನ. ಆಂಧ್ರದ ಅಮರಾವತಿಯ ಸ್ತೂಪದೊಡನೆ ಕನಗನಹಳ್ಳಿಯ ಸ್ತೂಪಕ್ಕೆ ನಿಕಟ ಸಂಬಂಧ ಕಾಣುತ್ತದೆ. ಭೀಮೆಯು ಕೃಷ್ಣೆಯನ್ನು ಸೇರಿ, ಕೃಷ್ಣೆಯು ಅಮರಾವತಿಯ ಪಕ್ಕದಲ್ಲಿಯೇ ಹರಿದು ಕಡಲಿಗೆ ಹೋಗುತ್ತಾಳೆ ಎಂಬುದನ್ನು ನೆನೆದರೆ ಈ ಸಂಬಂಧ ಆಶ್ಚರ್ಯಕರವೆನಿಸದು.

ಮಹಾಚೈತ್ಯದ ಹೊರಮೈಯನ್ನು ಹೊದಿಸಿದ್ದುದು ಈ ಭಾಗದ ಸುಣ್ಣಕಲ್ಲಿನ ಚಪ್ಪಡಿಗಳಿಂದ. ಉತ್ತರ ಕರ್ನಾಟಕದ ಮನೆಗಳ, ಶಾಲೆಗಳ, ಮಠಗಳ ನೆಲಕ್ಕೆ ಇಂದಿಗೂ ಹಾಸುವ ಶಹಾಬಾದಿ ಫರಸಿಯೂ ಈ ಭೀಮಾತೀರದ ಸುಣ್ಣಕಲ್ಲಿನ ಪದರಗಳಿಂದಲೇ ಬರುವಂತಹುದು. ಶಿಲ್ಪಿಗಳು ಈ ಕಲ್ಲಿನ ಮೃದುತ್ವವನ್ನರಿತು ಅದರಲ್ಲಿ ಸೂಕ್ಷ್ಮವಾದ ಕೆತ್ತನೆಯನ್ನು ಸಾಧಿಸಿದರು. ಆಳೆತ್ತರವನ್ನು ಮೀರಿದ ಚಪ್ಪಡಿಗಳ ಮೇಲೆ ಜಾತಕ ಕಥೆಗಳು, ಬುದ್ಧನ ಜೀವನದ ಪ್ರಸಂಗಗಳು, ಬೋಧಿವೃಕ್ಷ, ಧರ್ಮಚಕ್ರ, ಸ್ತೂಪಪೂಜೆ, ನಾಗರಾಜರು, ರಾಜಸಭೆಗಳು ಮೂಡಿವೆ. ಅನೇಕ ದೃಶ್ಯಗಳ ಕೆಳಗೆ ಅವು ಯಾವುವೆಂಬುದನ್ನು ತಿಳಿಸುವ ಚಿಕ್ಕ ಬರಹಗಳಿರುವುದು ಈ ಸ್ತೂಪದ ವೈಶಿಷ್ಟ್ಯ. ಬೇರೆಡೆ ವಿದ್ವಾಂಸರು ಊಹಿಸಬೇಕಾದುದನ್ನು ಇಲ್ಲಿ ಶಿಲ್ಪವೇ ಹೇಳುತ್ತದೆ.

ಕಲ್ಲಿನಲ್ಲಿ ನಿಂತ ಅರಸರು

ಈ ಚಿಕ್ಕ ಬರಹಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 'ರಾಯೋ ಅಸೋಕೋ' ಎಂಬುದು. 'ಅಶೋಕ ರಾಜ' ಎಂದು ಅದರ ಅರ್ಥ. ಅದರ ಮೇಲಣ ಶಿಲ್ಪದಲ್ಲಿ ಅರಸನು ರಾಣಿಯೊಡನೆ ನಿಂತಿದ್ದಾನೆ. ಪರಿಚಾರಿಕೆಯರು ಛತ್ರ ಚಾಮರಗಳನ್ನು ಹಿಡಿದಿದ್ದಾರೆ. ಸಾಂಚಿಯ ತೋರಣಗಳಲ್ಲಿ ಅಶೋಕನೆಂದು ಗುರುತಿಸಲಾಗಿರುವ ಚಿತ್ರಗಳಿದ್ದರೂ ಅಲ್ಲಿ ಅವನ ಹೆಸರಿಲ್ಲ. ಹೆಸರಿನೊಡನೆ ಅಶೋಕನ ರೂಪ ದೊರೆತುದು ಕನಗನಹಳ್ಳಿಯಲ್ಲಿ. ಅಶೋಕನು ಆಳಿದುದು ಕ್ರಿ.ಪೂ. ೩ನೆಯ ಶತಮಾನದಲ್ಲಿ, ಈ ಶಿಲ್ಪವು ಶಾತವಾಹನರ ಕಾಲದ್ದು. ಆದುದರಿಂದ ಇದು ಅವನನ್ನು ಕಣ್ಣಾರೆ ಕಂಡು ಕಡೆದ ಭಾವಚಿತ್ರವಲ್ಲ. ಅವನು ಗತಿಸಿ ಶತಮಾನಗಳಾದ ಮೇಲೆಯೂ ಭೀಮಾತೀರದ ಜನ ಅವನನ್ನು ನೆನೆಯುತ್ತಿದ್ದರು ಎಂಬುದೇ ಇದರ ನಿಜವಾದ ಮಹತ್ತ್ವ.

ಅಶೋಕನ ಜೊತೆಗೆ ಶಾತವಾಹನ ಅರಸರೂ ಇಲ್ಲಿ ಕಾಣಿಸಿಕೊಂಡಿದ್ದಾರೆ. ಪುರಾಣಗಳ ವಂಶಾವಳಿಯಲ್ಲಿ ಮೊದಲಿಗನೆನಿಸಿದ ಸಿಮುಕನ ಹೆಸರು ಇಲ್ಲಿಯ ಶಾಸನವೊಂದರಲ್ಲಿ ಚಿಮುಕ ಎಂದು ಬಂದಿದೆ. ಅದು ಅವನ ಆಳ್ವಿಕೆಯ ೧೬ನೆಯ ವರ್ಷದ್ದು. ಶಾತಕರ್ಣಿಯು ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಿರುವ ದೃಶ್ಯವಿದೆ. ಪುಳುಮಾವಿಯು ಉಜ್ಜಯಿನಿಯನ್ನು ಒಪ್ಪಿಸುತ್ತಿರುವುದೆಂದು ಬರಹವುಳ್ಳ ಇನ್ನೊಂದು ದೃಶ್ಯವಿದೆ. ಮಂತಲಕ, ಸುಂದರ ಶಾತಕರ್ಣಿ ಮೊದಲಾದವರ ಹೆಸರುಗಳು ಪುರಾಣಗಳ ಪಟ್ಟಿಯಿಂದ ತಿಳಿದಿದ್ದರೂ ಆ ಪಟ್ಟಿಯನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಸಂದೇಹ ಇತಿಹಾಸಕಾರರಿಗಿತ್ತು. ಅವರಿಗೆ ಕನಗನಹಳ್ಳಿಯು ಕಲ್ಲಿನ ಸಾಕ್ಷ್ಯವನ್ನು ಒದಗಿಸಿತು.

ಹೆಸರಿಲ್ಲದವರ ಹೆಸರುಗಳು

ಅರಸರ ಚಿತ್ರಗಳು ಎಷ್ಟೇ ಆಕರ್ಷಕವಾಗಿದ್ದರೂ ಮಹಾಚೈತ್ಯವನ್ನು ಎತ್ತಿ ನಿಲ್ಲಿಸಿದವರು ಅರಸರಷ್ಟೇ ಅಲ್ಲ. ಇಲ್ಲಿ ದೊರೆತಿರುವ ಇನ್ನೂರಕ್ಕೂ ಮೀರಿದ ಶಾಸನಗಳಲ್ಲಿ ದಾನಿಗಳ ಹೆಸರನ್ನು ಹೇಳುವ ಒಂದು ಸಾಲಿನ, ಎರಡು ಸಾಲಿನ ಬರಹಗಳೇ ಬಹಳ. ಗೃಹಪತಿಗಳು, ಉಪಾಸಕ ಉಪಾಸಿಕೆಯರು, ಭಿಕ್ಷು ಭಿಕ್ಷುಣಿಯರು ಒಂದು ಚಪ್ಪಡಿಯನ್ನೋ ಕಂಬವನ್ನೋ ಕೊಟ್ಟು, ಅದರ ಮೇಲೆ ತಮ್ಮ ಹೆಸರನ್ನು ಬರೆಸಿ ಕೊನೆಗೆ 'ದಾನ' ಎಂಬ ಒಂದು ಮಾತನ್ನು ಸೇರಿಸಿದ್ದಾರೆ. ಮಡದಿ ಮಕ್ಕಳ, ಬಂಧುಗಳ ಸಹಿತವಾಗಿ ಕೊಟ್ಟವರೂ ಇದ್ದಾರೆ. ಅವರ ವಿಷಯವಾಗಿ ಯಾವ ಕಾವ್ಯವೂ ಹುಟ್ಟಲಿಲ್ಲ, ಯಾವ ಪುರಾಣವೂ ಅವರನ್ನು ಹೆಸರಿಸಲಿಲ್ಲ. ಆದರೆ ಅವರು ಕೊಟ್ಟ ಒಂದೊಂದು ಕಲ್ಲು ಸೇರಿ ಮಹಾಚೈತ್ಯವಾಯಿತು. ಧರ್ಮಸಂಸ್ಥೆಗಳು ಮತ್ತು ವಿದ್ಯಾಸಂಸ್ಥೆಗಳು ಒಬ್ಬ ಮಹಾದಾನಿಯಿಂದ ಮಾತ್ರವಲ್ಲ, ಅನೇಕ ಸಾಮಾನ್ಯ ಗೃಹಸ್ಥರ ಅಲ್ಪ ಕಾಣಿಕೆಗಳಿಂದ ನಿಲ್ಲುತ್ತವೆಂಬುದಕ್ಕೆ ಈ ನಾಡಿನಲ್ಲಿ ಇದಕ್ಕಿಂತ ಹಳೆಯ ದಾಖಲೆಗಳು ಅಪರೂಪ.

ಅವಸಾನ ಮತ್ತು ಉಳಿಕೆ

ಶಾತವಾಹನರ ಆಳ್ವಿಕೆ ಕ್ರಿ.ಶ. ೩ನೆಯ ಶತಮಾನದಲ್ಲಿ ಕೊನೆಗೊಂಡಿತು. ಅರಸರ ಆಶ್ರಯ ತಪ್ಪಿತು. ಹೊಸ ರಾಜವಂಶಗಳು ಹೊಸ ದೇವಾಲಯಗಳತ್ತ ತಿರುಗಿದವು. ಮಹಾಚೈತ್ಯಕ್ಕೆ ಹೊಸ ದಾನಗಳು ಬರುವುದು ನಿಂತಿತು. ದುರಸ್ತಿಯಿಲ್ಲದ ಕಟ್ಟಡ ಸಡಿಲಗೊಂಡು, ಚಪ್ಪಡಿಗಳು ಒಂದೊಂದಾಗಿ ಉರುಳಿ, ಅವುಗಳ ಮೇಲೆ ಮಣ್ಣು ಮುಸುಕಿತು.

ಹೀಗೆಂದು ಬೌದ್ಧಮತವು ಕನ್ನಡನಾಡಿನಿಂದ ಒಮ್ಮೆಗೇ ಕಣ್ಮರೆಯಾಯಿತೆಂದು ತಿಳಿಯಬಾರದು. ೧೦೬೫ರಲ್ಲಿ ಬಳ್ಳಿಗಾವೆಯಲ್ಲಿ ರೂಪಭಟ್ಟಯ್ಯನು ಬೌದ್ಧವಿಹಾರವನ್ನು ಕಟ್ಟಿಸಿದನು. ಅಲ್ಲಿಯ ದತ್ತಿಯು ತಾರಾಭಗವತಿ, ಲೋಕೇಶ್ವರ, ಬುದ್ಧರ ಜೊತೆಗೆ ಕೇಶವನ ಪೂಜೆಗೂ ಸಲ್ಲುವಂತಹುದಾಗಿತ್ತು. ಗದಗ ಜಿಲ್ಲೆಯ ಡಂಬಳದಲ್ಲಿ ೧೦೯೫ರ ಶಾಸನವು ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ವಿಹಾರವನ್ನೂ ಅಲ್ಲಿಯ ತಾರಾದೇವಿಯನ್ನೂ ಹೆಸರಿಸುತ್ತದೆ. ಕನಗನಹಳ್ಳಿಯ ಗೃಹಪತಿಗಳಿಂದ ಡಂಬಳದ ಸೆಟ್ಟಿಗಳವರೆಗೆ ಸಾವಿರ ವರ್ಷಗಳ ಅಂತರವಿದೆ. ಆದರೆ ವಿಹಾರವನ್ನು ನಡೆಸಿದವರು ಎರಡೂ ಕಡೆ ದುಡಿದು ಗಳಿಸಿದ ಗೃಹಸ್ಥರೇ.

ಮಣ್ಣಿನಿಂದ ಹೊರಬಂದ ಮೇಲೆ ಮಹಾಚೈತ್ಯಕ್ಕೆ ಇನ್ನೊಂದು ಕಷ್ಟ ಒದಗಿತು. ಮಣ್ಣು ಮುಚ್ಚಿದ್ದ ಕಾಲದಲ್ಲಿ ಅದಕ್ಕೆ ಮಳೆ ಬಿಸಿಲುಗಳ ಬಾಧೆಯಿರಲಿಲ್ಲ. ಉತ್ಖನನ ಮುಗಿದ ಮೇಲೆ ಎರಡು ದಶಕಗಳ ಕಾಲ ಅನೇಕ ಚಪ್ಪಡಿಗಳು ಜೋಡಣೆಯಿಲ್ಲದೆ ಉಳಿದವು. ಸುಣ್ಣಕಲ್ಲು ನೀರಿಗೆ ಸವೆಯುವ ಕಲ್ಲು. ಪದರು ಬಿಚ್ಚುವ ಸ್ವಭಾವವೂ ಅದಕ್ಕುಂಟು. ಒಂದು ಪದರು ಉದುರಿದರೆ ಅದರೊಡನೆ ಒಬ್ಬ ದಾನಿಯ ಹೆಸರು ಉದುರುತ್ತದೆ. ೨೦೨೨ರಲ್ಲಿ ಪುರಾತತ್ತ್ವ ಇಲಾಖೆಯು ಬಿಡಿ ಚಪ್ಪಡಿಗಳನ್ನು ಮತ್ತೆ ಸ್ವಸ್ಥಾನದಲ್ಲಿ ಜೋಡಿಸುವ ಜೀರ್ಣೋದ್ಧಾರ ಕಾರ್ಯವನ್ನು ಕೈಗೊಂಡುದು ಸಂತೋಷದ ಸಂಗತಿ. ಈ ಕೆಲಸ ಸುಲಭವಲ್ಲ. ಯಾವ ಚಪ್ಪಡಿ ಯಾವ ಸ್ಥಾನದ್ದೆಂಬುದನ್ನು ಕೆತ್ತನೆ, ಅಳತೆ, ಬಿದ್ದ ಸ್ಥಳ ಇವುಗಳಿಂದ ನಿರ್ಧರಿಸಬೇಕು, ಒಡೆದುದನ್ನು ಕೂಡಿಸಬೇಕು, ಇಲ್ಲದುದನ್ನು ಇದ್ದಂತೆ ತೋರಿಸದಿರುವ ಪ್ರಾಮಾಣಿಕತೆಯನ್ನೂ ಕಾಯ್ದುಕೊಳ್ಳಬೇಕು.

ಇಲಾಖೆಯ ಕಾವಲು ಎಷ್ಟಿದ್ದರೂ ಸುತ್ತಲಿನ ಜನರ ಅರಿವಿಲ್ಲದೆ ಯಾವ ಅವಶೇಷವೂ ಉಳಿಯದು. ಹೊಲ ಉಳುವಾಗ ನೇಗಿಲಿಗೆ ತಾಗುವ ಕಲ್ಲು, ಊರ ಗುಡಿಯ ಮೆಟ್ಟಿಲಾಗಿರುವ ಕಲ್ಲು, ಬಟ್ಟೆ ಒಗೆಯುವ ಕಲ್ಲು ಇವುಗಳ ಮೇಲೆ ಅಕ್ಷರವಿದೆಯೇ ಎಂದು ಒಮ್ಮೆ ನೋಡುವ ಕಣ್ಣನ್ನು ಮಕ್ಕಳಿಗೆ ಕೊಡಬಲ್ಲವರು ಶಾಲೆಯ ಉಪಾಧ್ಯಾಯರು. ಅಕ್ಷರ ಕಂಡರೆ ಅದನ್ನು ಉಜ್ಜದೆ, ಬಣ್ಣ ಬಳಿಯದೆ, ಕೀಳದೆ, ತಿಳಿದವರಿಗೆ ತಿಳಿಸಬೇಕೆಂಬ ಪಾಠಕ್ಕೆ ದೊಡ್ಡ ಗ್ರಂಥಾಲಯ ಬೇಕಿಲ್ಲ. ಸನ್ನತಿಗೆ ಪ್ರವಾಸ ಹೋಗುವ ವಿದ್ಯಾರ್ಥಿಗಳಿಗೆ ದೇವಿಯ ದರ್ಶನದ ಜೊತೆಗೆ ಕನಗನಹಳ್ಳಿಯನ್ನೂ ತೋರಿಸಿದರೆ, ಕಲಬುರಗಿಯ ವಸ್ತುಸಂಗ್ರಹಾಲಯದಲ್ಲಿರುವ ಸನ್ನತಿಯ ಶಿಲ್ಪಗಳನ್ನೂ ಪರಿಚಯಿಸಿದರೆ, ಪಠ್ಯಪುಸ್ತಕದ ಅಶೋಕನೂ ಶಾತವಾಹನರೂ ಅವರಿಗೆ ತಮ್ಮ ನೆಲದವರಾಗಿಯೇ ಕಾಣುವರು.

ಕೊಪ್ಪಳದ ಗವಿಮಠದ ಬೆಟ್ಟದ ಬಂಡೆಯ ಮೇಲೆಯೂ ಅಶೋಕನ ಶಾಸನವಿದೆ. ಜಾತ್ರೆಗೆ ನೆರೆಯುವ ಲಕ್ಷಾಂತರ ಭಕ್ತರು ಗದ್ದುಗೆಗೆ ನಮಸ್ಕರಿಸುವ ಆ ಬೆಟ್ಟದಲ್ಲಿಯೇ ಬೌದ್ಧ ಅರಸನ ಮಾತು ಅಳಿಯದೆ ಉಳಿದಿದೆ. ಸನ್ನತಿಯಲ್ಲಿ ಅದೇ ಅರಸನ ಮಾತನ್ನು ದೇವಿಯ ಪೀಠವು ಕಾಯ್ದಿತು. ಅಂದು ಕಾಯ್ದವರಿಗೆ ತಾವು ಏನನ್ನು ಕಾಯುತ್ತಿರುವೆವೆಂಬುದು ತಿಳಿದಿರಲಿಲ್ಲ. ಇಂದು ಲಿಪಿಯನ್ನು ಓದಲಾಗಿದೆ, ಅರ್ಥವೂ ತಿಳಿದಿದೆ. ಅರಿಯದೆ ಮಾಡಿದ ಕುಳಿಗೆ ಕ್ಷಮೆಯುಂಟು. ಅರಿತ ಮೇಲೂ ಉದಾಸೀನರಾಗಿ ಕಲ್ಲುಗಳು ಸವೆದುಹೋಗಲು ಬಿಟ್ಟರೆ ಆ ತಪ್ಪಿಗೆ ಶಿಲ್ಪಿಯನ್ನಾಗಲಿ ಲಿಪಿಕಾರನನ್ನಾಗಲಿ ಹೊಣೆಮಾಡುವಂತಿಲ್ಲ.